ಅಟೆನ್ಷನ್‌ಗೆ ಯಾಕೆ ದುಡ್ಡು ಕೊಡಬೇಕು, ಟೀಚರ್?

ತೀರ್ಥಹಳ್ಳಿ ಕಡೆ ಜುಲೈನಲ್ಲಿ ಮಳೆ ಹಿಡಿದರೆ ಹಿಡಿದದ್ದೇ. ನಮ್ಮ ಶಾಲೆಯ ಎಂಟನೇ ತರಗತಿಯ ಕೋಣೆಗೆ ತಗಡಿನ ಮಾಡು. ಮಳೆ ಜೋರಾದರೆ ಅಲ್ಲಿ ಪಾಠ ಮಾಡುವುದೆಂದರೆ ತುಂಬಿದ ಹೊಳೆಯ ಆಚೆ ದಡದವರನ್ನು ಕೂಗಿ ಕರೆದ ಹಾಗೆ. ಕಳೆದ ವಾರ ಹಾಗೇ ಕೂಗಿ ಕೂಗಿ, ಕೊನೆಗೆ ‘ಪೇ ಅಟೆನ್ಷನ್!’ ಎಂದೆ.

ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. ‘ಟೀಚರ್, ಪೇ ಅಂದ್ರೆ ದುಡ್ಡು ಕೊಡೋದು ಅಲ್ವಾ? ಫೋನ್‌ಪೇ ಅಂತಾರಲ್ಲ. ಅಟೆನ್ಷನ್‌ಗೆ ಯಾಕೆ ದುಡ್ಡು ಕೊಡಬೇಕು?’

ಉಳಿದವರು ನಕ್ಕರು. ಅವನು ನಗಲಿಲ್ಲ. ನಿಜವಾಗಿಯೂ ಅವನಿಗೆ ಅದು ತಿಳಿಯಬೇಕಿತ್ತು. ‘ಒಳ್ಳೇ ಪ್ರಶ್ನೆ ಮಾರಾಯ, ನಾಳೆ ಹೇಳ್ತೀನಿ’ ಎಂದೆ. ಹತ್ತೊಂಬತ್ತು ವರ್ಷದಿಂದ ಇಂಗ್ಲಿಷ್ ಕಲಿಸುತ್ತಿದ್ದೇನೆ. ಇಷ್ಟು ಚಂದದ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ.

ರಾತ್ರಿ ನಿಘಂಟು ಹಿಡಿದು ಕೂತೆ. ‘ಪೇ’ ಎಂಬ ಮಾತು ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದದ್ದು. ಅದರ ಹಿಂದೆ ಲ್ಯಾಟಿನ್ನಿನ ‘ಪಾಕಾರೆ’ ಇದೆ. ಹಾಗೆಂದರೆ ಸಮಾಧಾನ ಮಾಡು, ಶಾಂತಗೊಳಿಸು. ಇಂಗ್ಲಿಷಿನ ‘ಪೀಸ್’ ಕೂಡ ಇದೇ ಬಳಗದ್ದು. ಸಾಲ ಕೊಟ್ಟವನನ್ನು ಸಮಾಧಾನ ಮಾಡುವುದು ಎಂಬಲ್ಲಿಂದ ಹಣ ತೀರಿಸುವುದು ಎಂಬ ಅರ್ಥ ಬಂತು.

ಇದನ್ನು ಓದಿದಾಗ ಅಪ್ಪ ನೆನಪಾದರು. ನಮ್ಮದು ಸಣ್ಣ ಅಡಿಕೆ ತೋಟ. ಮಳೆಗಾಲದಲ್ಲಿ ಮಂಡಿಯಿಂದ ಮುಂಗಡ ತರುವುದು, ಅಡಿಕೆ ಒಣಗಿಸಿ ಹಾಕಿದ ಮೇಲೆ ಲೆಕ್ಕ ಮುಗಿಸುವುದು. ಶಿವಮೊಗ್ಗಕ್ಕೆ ಹೋಗಿ ಲೆಕ್ಕ ಚುಕ್ತಾ ಮಾಡಿ ಬಂದ ರಾತ್ರಿ ಅಪ್ಪ ಮಲಗುತ್ತಿದ್ದ ರೀತಿಯೇ ಬೇರೆ. ಉಳಿದ ದಿನ ಮೂರು ಸಲ ಎದ್ದು ನೀರು ಕುಡಿಯುವವರು ಅವತ್ತು ಬೆಳಗಿನ ತನಕ ಮಗ್ಗುಲು ಬದಲಿಸುತ್ತಿರಲಿಲ್ಲ. ತೀರಿಸುವುದಕ್ಕೂ ಶಾಂತಿಗೂ ಏನು ನಂಟು ಅಂತ ನನಗೆ ನಿಘಂಟು ಹೇಳಬೇಕಾಗಿರಲಿಲ್ಲ.

ಇಂಗ್ಲಿಷಿನವರು ಗಮನವನ್ನೂ ವ್ಯಾಪಾರ ಮಾಡಿಬಿಟ್ಟರು ಅಂತ ಕೆಲವರು ಹೇಳುವುದುಂಟು. ನನಗೆ ಹಾಗೆ ಅನ್ನಿಸುವುದಿಲ್ಲ. ಅವರು ಯಾರನ್ನಾದರೂ ನೋಡಿ ಬರುವುದಕ್ಕೂ ‘ಪೇ’ ಅನ್ನುತ್ತಾರೆ, ಗೌರವ ಸಲ್ಲಿಸುವುದಕ್ಕೂ ‘ಪೇ’ ಅನ್ನುತ್ತಾರೆ. ಎದುರಿನವರಿಗೆ ಸಲ್ಲಬೇಕಾದ್ದನ್ನು ಸಲ್ಲಿಸುವುದು. ನಮ್ಮ ‘ಸಲ್ಲಿಸು’ ಇದಕ್ಕೆ ತುಂಬಾ ಹತ್ತಿರ. ಕಂತನ್ನೂ ಸಲ್ಲಿಸುತ್ತೇವೆ, ನಮಸ್ಕಾರವನ್ನೂ ಸಲ್ಲಿಸುತ್ತೇವೆ.

ಬೇರೆ ಭಾಷೆಗಳಲ್ಲಿ ಬೇರೆ ರೀತಿ. ಫ್ರೆಂಚರು ಗಮನವನ್ನು ‘ಮಾಡುತ್ತಾರೆ’. ಸ್ಪ್ಯಾನಿಷಿನವರು ಕಡ ಕೊಡುತ್ತಾರೆ. ಜರ್ಮನ್ನರಿಗೆ ಅದು ಉಡುಗೊರೆ. ಶೇಕ್ಸ್‌ಪಿಯರ್‌ನ ‘ಜೂಲಿಯಸ್ ಸೀಸರ್’ ನಾಟಕದಲ್ಲಿ ಆಂಟನಿ ಜನರ ಹತ್ತಿರ ಕಿವಿಗಳನ್ನೇ ಕಡ ಕೇಳುತ್ತಾನೆ. ನಾವು ಕಿವಿಗೊಡುತ್ತೇವೆ, ವಾಪಸ್ ಕೇಳುವುದಿಲ್ಲ. ಕಣ್ಣಿಡುತ್ತೇವೆ, ಮನಸ್ಸಿಡುತ್ತೇವೆ. ‘ನಿಗಾ’ ಪಾರ್ಸಿಯಿಂದ ಬಂದದ್ದು, ಅಲ್ಲಿ ಅದಕ್ಕೆ ನೋಟ ಎಂದರ್ಥ. ಇನ್ನು ‘ಗಮನ’ಕ್ಕೆ ಸಂಸ್ಕೃತದಲ್ಲಿ ಹೋಗುವುದು ಎಂದೇ ಅರ್ಥ. ಆಗಮನ, ನಿರ್ಗಮನದಲ್ಲಿ ಇರುವುದೂ ಅದೇ. ಕನ್ನಡದಲ್ಲಿ ಗಮನ ಕೊಟ್ಟಾಗ ಹೋಗುವುದು ಕಾಲಲ್ಲ, ಮನಸ್ಸು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ‘ಸಾವಧಾನ’. ಅವಧಾನ ಅಂದರೆ ಮನಸ್ಸನ್ನು ಒಂದು ಕಡೆ ಇಡುವುದು. ಡ್ರಿಲ್ ಪೀರಿಯಡ್ಡಿನಲ್ಲಿ ‘ಸಾವಧಾನ್’ ಅಂದರೆ ಮಕ್ಕಳು ಕಂಬದ ಹಾಗೆ ನಿಲ್ಲುತ್ತಾರೆ. ಮನೆಯಲ್ಲಿ ಮಾತ್ರ ಅದಕ್ಕೆ ನಿಧಾನ, ತಾಳ್ಮೆ ಎಂಬ ಅರ್ಥ. ಅಡಿಕೆ ಸುಲಿಯುವ ರಾತ್ರಿಗಳಲ್ಲಿ ಮೆಟ್ಟುಗತ್ತಿಯ ಮುಂದೆ ಕೂತು ನಾನು ಅವಸರ ಮಾಡಿದರೆ ಅಮ್ಮ ‘ಸಾವಧಾನ ಮಗಾ, ಲಕ್ಷ್ಯ ಕತ್ತಿ ಮೇಲಿರಲಿ’ ಅನ್ನುತ್ತಿದ್ದಳು. ನನ್ನ ಎಡಗೈ ಹೆಬ್ಬೆರಳಲ್ಲಿ ಇವತ್ತಿಗೂ ಒಂದು ಗೀರು ಇದೆ. ಅವತ್ತು ಹಿಂದೆ ಯಾರೋ ಕಥೆ ಹೇಳುತ್ತಿದ್ದರು, ನನ್ನ ಲಕ್ಷ್ಯ ಅತ್ತ ಹೋಗಿತ್ತು. ಗಮನವನ್ನು ಇಡುವುದಕ್ಕೆ ಹೊತ್ತು ಬೇಕು ಅನ್ನುವುದು ಆ ಮಾತಿನೊಳಗೇ ಇದೆ.

ಆದರೆ ಆ ರಾತ್ರಿ ನನ್ನನ್ನು ಹಿಡಿದು ನಿಲ್ಲಿಸಿದ್ದು ‘ಅಟೆನ್ಷನ್’. ಅದರ ಮೂಲ ಲ್ಯಾಟಿನ್ನಿನ ‘ಅಟ್ಟೆಂಡೆರೆ’. ಅರ್ಥ, ಒಂದರ ಕಡೆಗೆ ಚಾಚುವುದು. ಬಟ್ಟೆಯನ್ನು ಎಳೆದು ಕಟ್ಟುವ ಟೆಂಟ್, ನಾವು ದಿನಾ ಹೇಳುವ ಟೆನ್ಷನ್, ಎರಡೂ ಇದೇ ಕುಲದವು. ‘ಅಟ್ಟೆಂಡೆರೆ’ಯಿಂದ ಹುಟ್ಟಿದ ಫ್ರೆಂಚ್ ಕ್ರಿಯಾಪದಕ್ಕೆ ಈಗ ಕಾಯುವುದು ಎಂಬ ಅರ್ಥ. ಹಾಜರಿಯ ಅಟೆಂಡೆನ್ಸ್, ನಮ್ಮ ಆಫೀಸಿನ ಬೆಲ್ ಹೊಡೆಯುವ ಅಟೆಂಡರ್, ಎಲ್ಲವೂ ಅಲ್ಲಿಂದಲೇ ಬಂದವು.

ಚಾಚುವುದು! ತಗಡಿನ ಮೇಲೆ ಮಳೆ ಬೀಳುವಾಗ ನನ್ನ ಮಕ್ಕಳು ಮಾಡುವುದು ಅದನ್ನೇ. ಕುತ್ತಿಗೆ ಮುಂದೆ ಚಾಚುತ್ತಾರೆ. ಹಿಂದಿನ ಬೆಂಚಿನವರು ಡೆಸ್ಕಿನ ಮೇಲೆ ಅರ್ಧ ಮೈ ಹಾಕಿ ಬಗ್ಗುತ್ತಾರೆ. ಕೇಳದಿದ್ದರೆ ನನ್ನ ತುಟಿ ನೋಡುತ್ತಾರೆ. ಅಷ್ಟು ಚಾಚಿಕೊಂಡು ಕೂತವರಿಗೆ ನಾನು ಗಮನ ಕೊಡಿ ಅಂತ ಗದರಿದ್ದೆ. ಆ ಹುಡುಗನಂತೂ ಮಳೆಯ ಸದ್ದಿನ ನಡುವೆ ನನ್ನ ಒಂದೊಂದೇ ಶಬ್ದವನ್ನು ಹಿಡಿದು, ಅದರ ಅರ್ಥವನ್ನೂ ಯೋಚಿಸಿದ್ದ.

ಮರುದಿನವೂ ಮಳೆ. ಪಾಠದ ಪುಸ್ತಕ ಮುಚ್ಚಿಟ್ಟು ಇದನ್ನೆಲ್ಲ ಹೇಳಿದೆ. ಬೋರ್ಡಿನ ಹತ್ತಿರ ನಿಲ್ಲದೆ ಬೆಂಚುಗಳ ನಡುವೆ ಹೋಗಿ, ಆ ಹುಡುಗನ ಡೆಸ್ಕಿನ ಪಕ್ಕ ನಿಂತೆ. ಕೂಗಬೇಕಾಗಲಿಲ್ಲ. ಮುಂದಿನ ಬೆಂಚಿನವರು ಈಗ ಹಿಂದೆ ತಿರುಗಿ ಕುತ್ತಿಗೆ ಚಾಚಿದ್ದರು. ‘ಹಾಗಾದ್ರೆ ಟೀಚರ್,’ ಎಂದ ಅವನು, ‘ನಿನ್ನೆ ನೀವು ನಂಗೆ ಪೇ ಮಾಡಿದ್ರಿ ಅಲ್ವಾ? ರಾತ್ರಿಯೆಲ್ಲ ಹುಡುಕಿದ್ರಲ್ಲ.’