ಕೂತಿರೋರೂ ಆಡ್ತಾ ಇರ್ತಾರೆ ಅಂತಿದ್ದ ನಮ್ಮ ಪಿಟಿ ಮೇಷ್ಟ್ರು

ನಮ್ಮ ಪಿಟಿ ಮೇಷ್ಟ್ರು ಹೋದ ತಿಂಗಳು ತೀರ್ಕೊಂಡ್ರು, 76 ವರ್ಷ ಆಗಿತ್ತು. ಶ್ರೀರಾಮಪುರದಲ್ಲಿ ಅವರ ರಸ್ತೆ ತಿರುವಲ್ಲಿ ಹಾಕಿದ್ದ ಶ್ರದ್ಧಾಂಜಲಿ ಫ್ಲೆಕ್ಸಲ್ಲಿ ಮಾಜಿ ಸೈನಿಕರು, ನಿವೃತ್ತ ಶಿಕ್ಷಕರು, ಖೋ ಖೋ ಕೋಚ್ ಅಂತ ಮೂರು ಸಾಲು ಬರೆಸಿದ್ರು. ಅವರ ಕೈಯಲ್ಲಿ ಪಳಗಿದ ನಮ್ಮಂಥ ಹುಡುಗೀರಿಗೆ ಇವು ಮೂರು ಬೇರೆ ಬೇರೆ ಕೆಲಸ ಅಂತ ಯಾವತ್ತೂ ಅನ್ನಿಸಿರ್ಲಿಲ್ಲ, ಅದನ್ನೇ ಬರೀಬೇಕು ಅಂತ ಕೂತಿದೀನಿ.

ಊರು ಕನಕಪುರದ ಕಡೆ. 1968ರಲ್ಲಿ, ಇನ್ನೂ ಮೀಸೆ ಸರಿಯಾಗಿ ಬಂದಿರದ ವಯಸ್ಸಲ್ಲಿ, ಹಲಸೂರು ಕೆರೆ ಪಕ್ಕದ ಎಂಇಜಿ ಸೆಂಟರ್‌ಗೆ ಬಂದು ಭರ್ತಿ ಆದ್ರಂತೆ. ಎಂಇಜಿ ಅಂದ್ರೆ ಮದ್ರಾಸ್ ಸ್ಯಾಪರ್ಸ್, 1780ರಿಂದ ಇರೋ, ಸೈನ್ಯದ ಎಂಜಿನಿಯರ್ ಪಡೆ, ಸೇತುವೆ ಕಟ್ಟೋದು, ರಸ್ತೆ ಮಾಡೋದು, ನೆಲದಲ್ಲಿ ಹೂತಿಟ್ಟ ಬಾಂಬು, ಅಂದ್ರೆ ಮೈನ್ ತೆಗೆಯೋದು ಎಲ್ಲಾ ಅವರದ್ದೇ. ಅಲ್ಲಿನ ಜವಾನರನ್ನ ತಂಬಿ ಅಂತಾನೇ ಕರೆಯೋದು. ಕನ್ನಡ ಬಿಟ್ಟು ಬೇರೆ ಭಾಷೆ ಗೊತ್ತಿಲ್ಲದ ಹುಡುಗ ಅಲ್ಲೇ ತಮಿಳು, ಹಿಂದಿ ಎರಡೂ ಕಲ್ತ್ರು. ಪೆನ್ಶನ್‌ಗೆ ಬೇಕಾದ 15 ವರ್ಷ ಸರ್ವೀಸ್ ಮುಗಿಸಿ, ದೈಹಿಕ ಶಿಕ್ಷಣದ ಕೋರ್ಸ್ ಮಾಡ್ಕೊಂಡು ನಮ್ಮ ಸರ್ಕಾರಿ ಹೈಸ್ಕೂಲಿಗೆ ಬಂದ್ರು. ಗಣಿತದ ಟೀಚರ್ ರಜಾ ಹಾಕಿದ ದಿನ ಲೆಕ್ಕದ ಪಾಠಾನೂ ಅವರೇ ಮಾಡೋರು, ಚೆನ್ನಾಗೇ ಮಾಡೋರು.

ಯುದ್ಧದ ಕಥೆ ಮಾತ್ರ ಸ್ಕೂಲಲ್ಲಿ ಒಂದು ದಿನಾನೂ ಹೇಳ್ಲಿಲ್ಲ. ನಾವು ಎಷ್ಟು ಗೋಗರೆದ್ರೂ "ಮೊದ್ಲು ಗ್ರೌಂಡ್ ನೋಡ್ರಮ್ಮ" ಅನ್ನೋರು. ಗ್ರೌಂಡ್ ನೋಡೋದು ಅಂದ್ರೆ ಪ್ರಾಕ್ಟೀಸಿಗೆ ಮುಂಚೆ ಎಲ್ರೂ ಭುಜಕ್ಕೆ ಭುಜ ತಾಗಿಸಿ ಸಾಲಾಗಿ ಮಂಡಿ ಊರಿ, ಒಂದೊಂದೇ ಗೇಣು ಮುಂದೆ ಹೋಗ್ತಾ ಕಲ್ಲು, ಗಾಜಿನ ಚೂರು, ಮೊಳೆ ಎಲ್ಲಾ ಆರಿಸೋದು. ಬರಿಗಾಲಲ್ಲಿ ಆಡೋರು ನಾವು, ಹಿಂದಿನ ರಾತ್ರಿ ಯಾರೋ ಬಂದು ಬಾಟ್ಲಿ ಒಡೆದು ಹೋಗಿರೋರು. ಯಾರೂ ಸಾಲು ಬಿಟ್ಟು ಮುಂದೆ ಹೋಗೋ ಹಾಗಿಲ್ಲ, ಬೇಗ ಬೇಗ ಅನ್ನೋ ಹಾಗಿಲ್ಲ. ಮುಗಿದ್ಮೇಲೆ ಮೇಷ್ಟ್ರು ತಾವೇ ಚಪ್ಪಲಿ ಬಿಚ್ಚಿ ಇಡೀ ಗ್ರೌಂಡ್ ನಡೆದು ನೋಡಿ ಆಮೇಲೆ ನಮ್ಮನ್ನ ಬಿಡೋರು.

ಇದು ಎಲ್ಲಿಂದ ಬಂತು ಅಂತ ಗೊತ್ತಾಗಿದ್ದು ನನ್ನ ಮದುವೆ ಪತ್ರಿಕೆ ಕೊಡೋಕೆ ಅವರ ಮನೆಗೆ ಹೋದಾಗ. ಅವತ್ತು ಯಾಕೋ ಅವರಾಗೇ ಮಾತಾಡಿದ್ರು. 1971ರ ಡಿಸೆಂಬರ್, ಪಾಕಿಸ್ತಾನದ ಜೊತೆಗಿನ ಯುದ್ಧ, ಶಕರ್‌ಗಢ ಸೆಕ್ಟರ್, ಬಸಂತರ್ ನದಿ. ಅವರಿದ್ದ 9 ಎಂಜಿನಿಯರ್ ರೆಜಿಮೆಂಟಿಗೆ ಮೈನ್ ಹೂತಿದ್ದ ಹೊಲಗಳಲ್ಲಿ ಟ್ಯಾಂಕುಗಳಿಗೆ ದಾರಿ ಮಾಡಿಕೊಡೋ ಕೆಲಸ. ಹೊಟ್ಟೆ ಮೇಲೆ ಮಲಗಿ, ಕಡ್ಡಿಯನ್ನ ಓರೆಯಾಗಿ ಮಣ್ಣಿಗೆ ಚುಚ್ಚಿ ನೋಡಬೇಕು, ನೇರ ಚುಚ್ಚಿದ್ರೆ ಮೈನ್‌ನ ತಲೆ ಮೇಲೇ ಬೀಳುತ್ತೆ. ಕ್ಲಿಯರ್ ಆದಷ್ಟು ದಾರಿಗೆ ಬಿಳಿ ಟೇಪ್ ಎಳೀತಾ ಹೋಗಬೇಕು, ಅದೂ ಡಿಸೆಂಬರ್ ಚಳಿಯ ರಾತ್ರೀಲಿ, ಮೇಲಿಂದ ಶೆಲ್ ಬೀಳ್ತಿರುತ್ತೆ. 15ನೇ ತಾರೀಖು ರಾತ್ರಿ ದಾರಿ ಪೂರ್ತಿ ಆಗೋಕೆ ಮುಂಚೇನೇ ಪೂನಾ ಹಾರ್ಸ್ ಅನ್ನೋ ರೆಜಿಮೆಂಟಿನ ಟ್ಯಾಂಕುಗಳು ನುಗ್ಗಿದ್ವು, ಮಾರನೇ ದಿನದ ಕಾಳಗದಲ್ಲಿ ಅದರ 21 ವರ್ಷದ ಅಧಿಕಾರಿ ಅರುಣ್ ಖೇತ್ರಪಾಲ್ ಪ್ರಾಣ ಕೊಟ್ರು, ಪರಮವೀರ ಚಕ್ರ ಬಂತು. "ಅವ್ರ ಹೆಸ್ರು ದೇಶಕ್ಕೇ ಗೊತ್ತು, ಗೊತ್ತಿರ್ಬೇಕು ಕಣಮ್ಮ" ಅಂದ್ರು ಮೇಷ್ಟ್ರು. ಮಣ್ಣಲ್ಲಿ ಮಲಗಿ ದಾರಿ ಮಾಡಿದ ತಂಬಿಗಳ ಬಗ್ಗೆ ನಾನು ಕೇಳಿದ್ದಕ್ಕೆ, "ಟ್ಯಾಂಕ್ ಆ ಕಡೆ ಹೋಯ್ತಲ್ಲ, ನಮ್ಮ ಕೆಲ್ಸ ಅಷ್ಟೇ" ಅಂತ ಹೇಳಿ ಕಾಫಿ ತರೋಕೆ ಎದ್ದು ಹೋದ್ರು.

ಖೋ ಖೋ ಆಡಿದವರಿಗೆ ಗೊತ್ತಿರುತ್ತೆ, ಹಿಡಿಯೋ ಟೀಮಲ್ಲಿ 9 ಜನ ಇದ್ರೆ 8 ಜನ ಕೂತೇ ಇರ್ತಾರೆ, ಒಬ್ಬರು ಆ ಕಡೆ ಮುಖ, ಪಕ್ಕದವರು ಈ ಕಡೆ ಮುಖ. ಅಟ್ಟಿಸ್ಕೊಂಡು ಓಡ್ತಿರೋದು ಒಬ್ಬಳೇ, ನೋಡೋರ ಕಣ್ಣೆಲ್ಲಾ ಅವಳ ಮೇಲೆ. ಮೇಷ್ಟ್ರು ನೋಡ್ತಿದ್ದಿದ್ದು ಮಾತ್ರ ಕೂತಿರೋರನ್ನ. ಕಾಲು ಹೇಗಿಟ್ಟಿದಾಳೆ, ಕೈ ನೆಲಕ್ಕೆ ತಾಗಿದ್ಯಾ, ರನ್ನರ್, ಅಂದ್ರೆ ತಪ್ಪಿಸ್ಕೊಂಡು ಓಡೋ ಎದುರು ಟೀಮಿನವಳು, ಯಾವ ಕಡೆ ಅಂತ ಗಮನ ಇದ್ಯಾ. ಬೆನ್ನಿಗೆ ಖೋ ಬೀಳೋಕೆ ಮುಂಚೆ ಎದ್ರೆ ಫೌಲು, ಬಿದ್ಮೇಲೆ ತಡ ಆದ್ರೆ ರನ್ನರ್ ಸಿಗಲ್ಲ, ಆ ಮಧ್ಯದ ಒಂದು ಕ್ಷಣಕ್ಕೋಸ್ಕರ ವಾರಗಟ್ಟಲೆ ಬರೀ ಕೂತು ಏಳೋದನ್ನೇ ಮಾಡಿಸೋರು. "ಕೂತಿರೋರೂ ಆಡ್ತಾ ಇರ್ತಾರೆ" ಅನ್ನೋದು ಅವರ ಬಾಯಿಪಾಠ. ಕ್ಲಾಸಲ್ಲಿ ಕೊನೇ ಬೆಂಚಲ್ಲಿ ಯಾರ ಕಣ್ಣಿಗೂ ಬೀಳದೆ ಕೂರ್ತಿದ್ದ ನನ್ನಂಥವಳನ್ನ ಹುಡುಕಿ ಟೀಮಿಗೆ ಹಾಕ್ಕೊಂಡಿದ್ದು ಅವರೇ, ನಂಗೆ ಅದು ಎಷ್ಟು ದೊಡ್ಡದಾಗಿತ್ತು ಅಂತ ಹೇಳೋಕೆ ಈಗ್ಲೂ ಮಾತು ಸಾಲಲ್ಲ.

ಆಗೆಲ್ಲ ಹುಡುಗೀರನ್ನ ಸಂಜೆ ಆಟಕ್ಕೆ ಕಳ್ಸೋದು ಸುಲಭ ಇರ್ಲಿಲ್ಲ. ಮೇಷ್ಟ್ರು ಒಬ್ಬೊಬ್ಬರ ಮನೆಗೂ ಹೋಗಿ ಅಮ್ಮಂದಿರ ಹತ್ರ ಮಾತಾಡೋರು, ತಮಿಳರ ಮನೆ ಆದ್ರೆ ತಮಿಳಲ್ಲಿ. ಕತ್ತಲಾದ್ರೆ ಸೈಕಲ್ ತಳ್ಕೊಂಡು ನಮ್ಮ ಜೊತೆ ನಡೆದು ಕೊನೇ ಹುಡುಗೀನ ಮನೆ ಬಾಗಿಲಿಗೆ ಬಿಟ್ಟೇ ಅವರು ಮನೆಗೆ ಹೋಗ್ತಿದ್ದಿದ್ದು. ಇದಕ್ಕೆ ಯಾವ ಸರ್ಕಾರೀ ಆರ್ಡರೂ ಇರ್ಲಿಲ್ಲ.

ರಿಟೈರ್ ಆದ್ಮೇಲೂ ಬೆಳಗ್ಗೆ ಗ್ರೌಂಡಿಗೆ ಬರೋದು ಬಿಡ್ಲಿಲ್ಲ. 2025ರ ಜನವರೀಲಿ ದೆಹಲೀಲಿ ಮೊದಲನೇ ಖೋ ಖೋ ವಿಶ್ವಕಪ್ ಆಯ್ತಲ್ಲ, ನಮ್ಮ ಹೆಂಗಸರ ಟೀಮು ಫೈನಲಲ್ಲಿ ನೇಪಾಳನ 78-40ಕ್ಕೆ ಸೋಲಿಸ್ತು, ಟೀಮಲ್ಲಿ ನಮ್ಮ ಕರ್ನಾಟಕದ ಚೈತ್ರಾನೂ ಇದ್ರು. ಮ್ಯಾಚ್ ಮುಗಿದ ತಕ್ಷಣ ಮೇಷ್ಟ್ರ ಫೋನು, ಖುಷೀಲಿ ಧ್ವನಿ ಕಟ್ಟಿತ್ತು. ಈಗಿನ ಮಕ್ಕಳಿಗೆ ಇದನ್ನ ತೋರಿಸ್ಲೇಬೇಕು ಅಂದ್ರು. ಸ್ಕೂಲಿನ ಕಂಪ್ಯೂಟರ್ ರೂಮಲ್ಲಿ ಹಾಕಿದ್ವಿ. ಅವತ್ತು ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು, ಸಾರ್, ನನ್ನ ಯಾವಾಗ್ಲೂ ಪೋಲ್ (ಅಂಕಣದ ತುದೀಲಿರೋ ಕಂಬ) ಪಕ್ಕ ಕೊನೇಲೇ ಕೂರಿಸ್ತಾರೆ, ಅಂತ ಅಳೋ ಥರ ಕೇಳಿದ್ಲು. ಮೇಷ್ಟ್ರು ಎದ್ದು ನಿಂತು, ಪೋಲ್ ಹತ್ರ ಬಂದ ರನ್ನರ್ ತಿರುಗ್ಲೇಬೇಕು, ಆಗ ಹಿಡಿಯೋ ಅವಕಾಶ ನಿಂಗೇ ಜಾಸ್ತಿ, ಧೈರ್ಯ ಇರೋರನ್ನೇ ಅಲ್ಲಿ ಕೂರಿಸೋದು, ನಾಳೆ ಬಾ, ಪೋಲ್ ಹಿಡಿದು ಹಾರಿ ಮುಟ್ಟೋ ಪೋಲ್ ಡೈವ್ ಹೇಳ್ಕೊಡ್ತೀನಿ ಅಂದ್ರು. ಮಾರನೇ ದಿನ ಬಂದ್ರು, ಅದಾದ್ಮೇಲೂ ತಮ್ಮ ಕೈಲಾಗೋವರೆಗೆ ಬರ್ತಾನೇ ಇದ್ರು. ಆ ಹುಡುಗಿ ಈ ಸಲ ಜಿಲ್ಲಾ ಮಟ್ಟದ ಟೀಮಿಗೆ ಸೆಲೆಕ್ಟ್ ಆಗಿದಾಳೆ.