ಇಳಿಯಬೇಕಾದ್ದು ಒಂದು ಹಳೇ ಗೋವಾ, ಇಳಿದದ್ದು ಇನ್ನೊಂದು

ವಾಸ್ಕೋಗೆ ಬಂದು ಆರು ವರ್ಷ ಆಯಿತು. ಓಲ್ಡ್ ಗೋವಾ ಮಾತ್ರ ನೋಡಿರಲಿಲ್ಲ. ಊರಿಂದ ಯಾರೇ ಬರಲಿ, ಬೀಚ್ ತೋರಿಸಿ ಗೋಡಂಬಿ ಪೊಟ್ಟಣ ಕೈಗಿಟ್ಟು ಕಳಿಸಿಬಿಡುತ್ತಿದ್ದೆ. ಈ ಮಾರ್ಚ್‌ನಲ್ಲಿ ವಿಜಯಪುರದಿಂದ ಅವ್ವ ಬಂದಳು. ಬೀಚ್‌ನಲ್ಲಿ ಹತ್ತು ನಿಮಿಷ ಕೂತಳು. "ಮೈಯೆಲ್ಲಾ ಅಂಟಂಟ ಆತು, ಏಳೋ ತಮ್ಮಾ. ನೋಡೂ ಅಂಥದ್ದು ಮತ್ತೇನೈತಿ?" ಅಂದಳು.

ಹಾಗೆ ಹೊರಟದ್ದು ಓಲ್ಡ್ ಗೋವಾಕ್ಕೆ. ಪೂರ್ವ ದೇಶಗಳಲ್ಲಿ ಪೋರ್ಚುಗೀಸರು ಕಟ್ಟಿದ ಸಾಮ್ರಾಜ್ಯಕ್ಕೆಲ್ಲ ರಾಜಧಾನಿಯಾಗಿದ್ದ ಊರು. ಬಸ್ಸಿನಲ್ಲಿ ನನ್ನ ಜಾಣತನ ಜಾಸ್ತಿಯಾಯಿತು. 'ವೆಲ್ಹಾ' ಅಂದರೆ ಪೋರ್ಚುಗೀಸ್‌ನಲ್ಲಿ ಹಳೆಯದು ಅಂತ ಎಲ್ಲೋ ಓದಿದ್ದೆ. ಕಂಡಕ್ಟರ್‌ಗೆ ಗತ್ತಿನಲ್ಲಿ "ಗೋವಾ ವೆಲ್ಹಾ, ಎರಡು" ಅಂದೆ. ಅವನು ಪಾಪ, ಕೇಳಿದ್ದನ್ನೇ ಕೊಟ್ಟ. ಝುವಾರಿ ಸೇತುವೆ ದಾಟಿ, ಆಗಶಿ ದಾಟಿ, ಹೈವೇ ಪಕ್ಕ ಒಂದು ಸಣ್ಣ ಊರಲ್ಲಿ ಸೀಟಿ ಊದಿ ಇಳಿಸಿದ. ಸುತ್ತ ನೋಡಿದೆ. ತೆಂಗು, ಗದ್ದೆ, ಒಂದು ಚಹಾದ ಅಂಗಡಿ. ದೊಡ್ಡ ಚರ್ಚುಗಳ ಸುಳಿವೇ ಇಲ್ಲ.

ಅಂಗಡಿಯವನು ನಕ್ಕುಬಿಟ್ಟ. ಓಲ್ಡ್ ಗೋವಾ ಇರುವುದು ಮಾಂಡವಿ ದಡದಲ್ಲಂತೆ. ಪಣಜಿಗೆ ಹೋಗಿ ಬೇರೆ ಬಸ್ ಹಿಡಿಯಬೇಕು. ಇದು ಗೋವಾ ವೆಲ್ಹಾ, ಅದು ವೆಲ್ಹಾ ಗೋವಾ. ಹೆಸರು ತಿರುಗಿಸಿದ್ದಷ್ಟೇ, ಊರೇ ಬೇರೆ. ವಾರಕ್ಕೊಬ್ಬರಾದರೂ ಹೀಗೆ ಬಂದು ಇಳಿಯುತ್ತಾರೆ ಅಂದ. "ಆರು ವರ್ಷದಿಂದ ಇಲ್ಲೇ ಇದ್ದಿ, ಅಲ್ವಾ?" ಅಂದಳು ಅವ್ವ. ನಾನು ಚಹಾ ಕುಡಿಯುತ್ತಾ ಸುಮ್ಮನಾದೆ.

ಆದರೆ ತಪ್ಪಿ ಇಳಿದದ್ದು ಸುಮ್ನೆ ಜಾಗ ಅಲ್ಲ. ಓಲ್ಡ್ ಗೋವಾಕ್ಕಿಂತ ಹಳೆಯ ಗೋವಾ ಇದೇ. ಗೋವೆಯ ಕದಂಬರ ಗೋಪಕಪಟ್ಟಣ. ಮೊದಲು ಅವರ ರಾಜಧಾನಿ ಚಂದ್ರಪುರ, ಅಂದರೆ ಮಡಗಾಂವ್ ಆಚೆಯ ಈಗಿನ ಚಾಂದೋರ್. 11ನೇ ಶತಮಾನದಲ್ಲಿ ಒಂದನೇ ಜಯಕೇಶಿ ಅದನ್ನು ಝುವಾರಿ ದಡದ ಈ ಬಂದರಿಗೆ ತಂದ. ಅರಬ್ಬರ ಹಡಗುಗಳು ಬರುತ್ತಿದ್ದ ಊರು. 14ನೇ ಶತಮಾನದ ಹೊತ್ತಿಗೆ ದೆಹಲಿ ಸುಲ್ತಾನರ ದಂಡು ಬಂದು ಊರು ಹಾಳಾಯಿತು. ಹೊಳೆಯಲ್ಲೂ ಹೂಳು ತುಂಬಿತು. ಹಡಗು ಬರದ ಬಂದರಿನಲ್ಲಿ ಯಾರು ಇರುತ್ತಾರೆ? ವ್ಯಾಪಾರ ಉತ್ತರಕ್ಕೆ, ಮಾಂಡವಿ ದಡದ ಏಳಾ ಎಂಬ ಊರಿಗೆ ಹೋಯಿತು. ನಾವು ನೋಡಲು ಹೊರಟ ಓಲ್ಡ್ ಗೋವಾ ಅಂದರೆ ಆ ಏಳಾ.

"ಕದಂಬರು ಅಂದ್ರ ನಮ್ಮ ಬನವಾಸಿಯವರಾ?" ಅಂತ ಅವ್ವ ಕೇಳಿದಳು. ಅದೇ ವಂಶದವರು ಅಂತ ಹೇಳಿಕೊಂಡವರು ಅಂದೆ. ಅಷ್ಟರಲ್ಲಿ ಸರ್ಕಾರಿ ಬಸ್ಸೊಂದು ಭರ್ರನೆ ಹೋಯಿತು. ಬದಿಯಲ್ಲಿ ದೊಡ್ಡದಾಗಿ 'ಕದಂಬ' ಅಂತ ಇತ್ತು. ಗೋವಾದ ಸಾರಿಗೆ ನಿಗಮದ ಹೆಸರೇ ಅದು. ಆರು ವರ್ಷ ಅದೇ ಬಸ್ಸಿನಲ್ಲಿ ಓಡಾಡಿದ್ದೇನೆ. ಹೆಸರು ಎಲ್ಲಿಂದ ಬಂತು ಅಂತ ಒಂದು ದಿನವೂ ಯೋಚಿಸಿರಲಿಲ್ಲ.

ಬಂದದ್ದಾಯಿತು ಅಂತ ಪಿಲಾರ್ ಗುಡ್ಡ ಹತ್ತಿದೆವು. ಹತ್ತಿಸಿದ್ದು ಪೈಲಟ್‌ಗಳು. ಇಲ್ಲಿ ಬಾಡಿಗೆ ಬೈಕ್ ಓಡಿಸುವವರಿಗೆ ಪೈಲಟ್ ಅಂತಾರೆ. ಅರವತ್ತೆಂಟರ ಅವ್ವ ಇಳಕಲ್ ಸೀರೆಯಲ್ಲಿ ಒಂದೇ ಕಡೆ ಕಾಲು ಹಾಕಿ ಕೂತು, ಗುರುತಿಲ್ಲದ ಹುಡುಗನ ಹೆಗಲು ಹಿಡಿದು ಗುಡ್ಡ ಏರಿದ ಚಿತ್ರ ನನ್ನ ಫೋನಿನಲ್ಲಿದೆ. ತಂಗಿಗೆ ಕಳಿಸಿದರೆ ಕೈಕಾಲು ಮುರಿಯುತ್ತೇನೆ ಅಂದಿದ್ದಾಳೆ. ಮೇಲೆ ಹಳೆಯ ಮಠ, ಫಾದರ್ ಅಗ್ನೆಲೋ ಅವರ ಸಮಾಧಿ. ಅಲ್ಲಿಂದ ಕೆಳಗೆ ನೋಡಿದರೆ ಗದ್ದೆಯ ಆಚೆ ಝುವಾರಿ. ರಾಜಧಾನಿ ಇದ್ದ ಜಾಗದಲ್ಲಿ ಎರಡು ಎಮ್ಮೆ ಮೇಯುತ್ತಿದ್ದವು.

ಪಣಜಿಯಲ್ಲಿ ಬಸ್ ಬದಲಿಸಿದೆವು. ರಾಯಬಂದರ್ ಕಡೆ ಹೋಗುವ ರಸ್ತೆ ಉದ್ದಕ್ಕೆ ನೇರವಾಗಿ, ನೀರು ಮತ್ತು ಉಪ್ಪಿನ ಗದ್ದೆಗಳ ನಡುವೆ ಹೋಗುತ್ತದೆ. 1633-34ರಲ್ಲಿ ಕಟ್ಟಿದ ಕಲ್ಲಿನ ಸೇತುವೆ ಅದು. ಮೂರು ಕಿಲೋಮೀಟರ್‌ಗೂ ಉದ್ದ. ಇವತ್ತಿಗೂ ಬಸ್ಸು ಹೊರುತ್ತಿದೆ. ನಮ್ಮ ಓಣಿಯ ಡಾಂಬರು ಒಂದು ಮಳೆಗಾಲ ತಡೆಯುವುದಿಲ್ಲ, ಇರಲಿ.

ಓಲ್ಡ್ ಗೋವಾದಲ್ಲಿ ಮೊದಲು ಕಂಡದ್ದು ಮೇಣದ ಅಂಗಡಿಗಳು. ಬೊಂ ಜೀಸಸ್ ಬೆಸಿಲಿಕಾ ಹೊರಗೆ ಸಾಲಾಗಿ ಮೇಣದ ಬತ್ತಿ. ಜೊತೆಗೆ ಮೇಣದ ಕೈ, ಕಾಲು, ಕೂಸು, ಮನೆ. ಯಾವ ಅಂಗಕ್ಕೆ ನೋವೋ ಅದನ್ನು ಅರ್ಪಿಸುವುದು. ಅವ್ವನಿಗೆ ಯಾರೂ ವಿವರಿಸಬೇಕಾಗಲಿಲ್ಲ. "ನಮ್ಮ ಗುಡಿಯೊಳಗ ಬೆಳ್ಳಿ ಕಣ್ಣು ಕೊಡೂದಿಲ್ಲೇನು, ಹಂಗ" ಅಂತ ಮೊಣಕಾಲು ತಿಕ್ಕುತ್ತಾ ಒಂದು ಕಾಲು ಎತ್ತಿಕೊಂಡಳು. ಗೇಣುದ್ದ, ಹಳದಿ ಬಣ್ಣ. ಐದು ಬೆರಳೂ ಬಿಡಿಬಿಡಿಯಾಗಿ ಮೂಡಿದ್ದವು. ಮಾರುವ ಹೆಂಗಸು ಅವ್ವನ ಮಾತು ಕೇಳಿ "ಯಾವೂರ್ರೀ ಯವ್ವಾ?" ಅಂದಳು. ಅವಳದು ಬಾಗಲಕೋಟೆ ಕಡೆಯ ಹಳ್ಳಿ. ಆಮೇಲೆ ಇಬ್ಬರೂ ಅರ್ಧ ತಾಸು ಮಳೆ, ಬೆಳೆ, ಸೊಸೆಯರ ಬಗ್ಗೆ ಮಾತಾಡಿದರು. ರೇಟು ಮಾತ್ರ ಕಮ್ಮಿ ಆಗಲಿಲ್ಲ.

ಬೆಸಿಲಿಕಾ 1605ರದ್ದು. ಹೊರಗೋಡೆಗೆ ಗಾರೆಯಿಲ್ಲ, ಕೆಂಪು ಕಲ್ಲು ಹಾಗೇ ಬಿಟ್ಟಿದೆ. ಮೊದಲು ಗಾರೆ ಇತ್ತಂತೆ, 1950ರ ದಶಕದಲ್ಲಿ ಕೆತ್ತಿ ತೆಗೆದರು. ನೋಡಲು ಚೆಂದ ಕಾಣುತ್ತದೆ, ಆದರೆ ಇಲ್ಲಿಯ ಮಳೆಗೆ ಆ ಕಲ್ಲು ಸವೆಯುತ್ತದೆ. ಗಾರೆ ಇದ್ದದ್ದೇ ಸರಿ ಅಂತ ನನಗನ್ನಿಸುತ್ತದೆ. ಒಳಗೆ, ಎತ್ತರದಲ್ಲಿ, ಬೆಳ್ಳಿಯ ಪೆಟ್ಟಿಗೆಯಲ್ಲಿ ಸಂತ ಫ್ರಾನ್ಸಿಸ್ ಝೇವಿಯರ್ ಅವರ ದೇಹ. ಅವರು ತೀರಿಕೊಂಡದ್ದು 1552ರಲ್ಲಿ, ಚೀನಾ ತೀರದ ಒಂದು ದ್ವೀಪದಲ್ಲಿ. 1554ರಲ್ಲಿ ದೇಹ ಗೋವಾಕ್ಕೆ ಬಂತು. ಹತ್ತು ವರ್ಷಕ್ಕೊಮ್ಮೆ ಕೆಳಗಿಳಿಸಿ ದರ್ಶನಕ್ಕೆ ಇಡುತ್ತಾರೆ, ಕಳೆದ ಸಲ 2024ರ ಕೊನೆಗೆ. ಅವ್ವ ಚಪ್ಪಲಿ ಬಾಗಿಲಲ್ಲೇ ಬಿಟ್ಟು ಬಂದಿದ್ದಳು. ಬೇಡ ಅಂದರೂ ಕೇಳಲಿಲ್ಲ. ಕೈ ಮುಗಿದಳು, ಆದರೆ ಮೇಣದ ಕಾಲನ್ನು ಕೊಡಲಿಲ್ಲ. ಯಾಕೆ ಅಂದರೆ, "ನೋವು ಎಲ್ಲಿ ಹೋಗೈತಿ ಇನ್ನ? ಹರಕಿ ಮೊದಲ ತೀರಸ್ತಾರೇನು ಯಾರರೇ?" ಕಾಲು ರೊಟ್ಟಿಯ ಬಟ್ಟೆಯಲ್ಲಿ ಸುತ್ತಿಕೊಂಡು ಚೀಲ ಸೇರಿತು.

ಎದುರಿಗೆ ಸೇ ಕೆಥೆಡ್ರಲ್. ಅದಕ್ಕೆ ಒಂದೇ ಗೋಪುರ. ಇನ್ನೊಂದು 1776ರಲ್ಲಿ ಬಿದ್ದದ್ದು ಮತ್ತೆ ಏಳಲಿಲ್ಲ. ಅಲ್ಲಿಯ ಹುಲ್ಲಿನ ಪಕ್ಕ ನೆರಳು ಹುಡುಕಿ ಕೂತು ಜೋಳದ ರೊಟ್ಟಿ, ಶೇಂಗಾ ಚಟ್ನಿ ತಿಂದೆವು. ಪಕ್ಕದ ಪುರಾತತ್ವ ಮ್ಯೂಸಿಯಂನಲ್ಲಿ ಪೋರ್ಚುಗೀಸ್ ವೈಸ್‌ರಾಯ್‌ಗಳ ದೊಡ್ಡ ದೊಡ್ಡ ಚಿತ್ರಗಳು ಸಾಲಾಗಿವೆ. ನಾನು ನಿಂತದ್ದು ವೀರಗಲ್ಲುಗಳ ಮುಂದೆ. ನಮ್ಮ ಕಡೆ ವೀರಗಲ್ಲಿನಲ್ಲಿ ಕುದುರೆ ಇರುತ್ತದೆ, ದನ ಇರುತ್ತದೆ. ಇಲ್ಲಿ ಒಂದರಲ್ಲಿ ಹಡಗು! ಬೆಳಿಗ್ಗೆ ಎಮ್ಮೆ ಮೇಯುತ್ತಿದ್ದ ಆ ಬಂದರು ಆಗ ಕಣ್ಣಿಗೆ ಕಟ್ಟಿತು.

ಅವ್ವನಿಗೆ ಬೇಕಾದ್ದು ಸಿಕ್ಕಿದ್ದು ಸೇಂಟ್ ಕಜೆಟನ್ ಚರ್ಚ್ ಹತ್ತಿರ. ಕಪ್ಪು ಕಲ್ಲಿನ ಒಂದೇ ಒಂದು ಬಾಗಿಲು, ಹಿಂದೆ ಮನೆಯಿಲ್ಲ, ಗೋಡೆಯಿಲ್ಲ. ಆದಿಲ್‌ಶಾಹಿ ಅರಮನೆಯಲ್ಲಿ ಉಳಿದದ್ದು ಅಷ್ಟೇ. 1510ರ ನವೆಂಬರ್ 25ರಂದು ಪೋರ್ಚುಗೀಸ್ ದಂಡನಾಯಕ ಅಲ್ಬುಕರ್ಕ್ ಈ ಊರನ್ನು ಕಿತ್ತುಕೊಂಡದ್ದು ವಿಜಯಪುರದವರ ಕೈಯಿಂದ. ಆಮೇಲೆ ಅದೇ ಅರಮನೆಯಲ್ಲಿ ವೈಸ್‌ರಾಯ್‌ಗಳು ಇದ್ದರು. "ಅಂದ್ರ ನಮ್ಮೂರವರ ಬಾಗಲಾ ಇದು!" ಅವ್ವ ಕಂಬದ ಮೇಲಿನ ಕೆತ್ತನೆಯ ಮೇಲೆ ಕೈ ಆಡಿಸಿದಳು. ಗೋಲಗುಂಬಜ್ ನೆರಳಲ್ಲಿ ಬೆಳೆದವಳು ಅವಳು, ಈ ಕೆಲಸದ ಗುರುತು ನನಗಿಂತ ಚೆನ್ನಾಗಿ ಹತ್ತುತ್ತದೆ. ಫೋಟೋ ತೆಗೆ ಅಂತ ಅವಳಾಗಿ ಕೇಳಿದ್ದು ಇದೊಂದೇ ಕಡೆ.

ಸೇಂಟ್ ಅಗಸ್ಟಿನ್ ಗೋಪುರ ನೋಡದೇ ಬರಬೇಡಿ. 46 ಮೀಟರ್ ಎತ್ತರ, ಅರ್ಧ ಕುಸಿದು ಅರ್ಧ ನಿಂತಿದೆ. 1842ರಲ್ಲಿ ಚರ್ಚಿನ ಚಾವಣಿ ಬಿತ್ತು. ಕಾಲರಾ, ಮಲೇರಿಯಾ ಅಂತ ಜನ ಊರು ಬಿಟ್ಟು ಹೋಗಿ ಎಷ್ಟೋ ಕಾಲವಾಗಿತ್ತು. ಅದರ ಮರುವರ್ಷ, 1843ರಲ್ಲಿ ರಾಜಧಾನಿ ಅಂತ ಪಣಜಿಯ ಹೆಸರೇ ಅಧಿಕೃತವಾಯಿತು. ಇದೇ ಅವಶೇಷದಲ್ಲಿ ಜಾರ್ಜಿಯಾ ದೇಶದ ರಾಣಿ ಕೆತೆವಾನ್ ಅವರ ಮೂಳೆ ಸಿಕ್ಕಿತು. 1624ರಲ್ಲಿ ಇರಾನಿನಲ್ಲಿ ಕೊಲ್ಲಲ್ಪಟ್ಟವರು. ಹೈದರಾಬಾದಿನಲ್ಲಿ ಡಿಎನ್‌ಎ ಪರೀಕ್ಷೆ ಮಾಡಿ, 2021ರಲ್ಲಿ ಅವರ ದೇಶಕ್ಕೆ ಕೊಟ್ಟರು. "ಸತ್ತ ಮ್ಯಾಲೂ ಎಷ್ಟ ತಿರಗಾಟ ಆಕಿಗೆ" ಅಂದಳು ಅವ್ವ. ದಿವಾರ್ ದ್ವೀಪಕ್ಕೆ ಹೋಗುವ ಫೆರ್ರಿ ಹಿಡಿಯೋಣ ಅಂದೆ. ಕಾಲು ಸೋತಿತ್ತು, ಬೇಡ ಅಂದಳು.

ಮರುದಿನ ಭಾನುವಾರ. ಕಾರು ಬಾಡಿಗೆಗೆ ಹಿಡಿದು ತಾಂಬ್ಡಿ ಸುರ್ಲಾಕ್ಕೆ ಹೋದೆವು. ಘಟ್ಟದ ಬುಡದ ಕಾಡು, ಹತ್ತಿರದಲ್ಲೇ ಹಳ್ಳ. ಅಲ್ಲಿ ಕದಂಬರ ಕಾಲದ ಮಹಾದೇವನ ಗುಡಿ. ಸಣ್ಣದು, ಆದರೆ ಪೂರ್ತಿ ಕಪ್ಪು ಕಲ್ಲು. ಗೋವಾದಲ್ಲಿ ಎಲ್ಲೆಲ್ಲೂ ಕೆಂಪು ಕಲ್ಲು ನೋಡಿ ಬಂದವರಿಗೆ ಅದು ನೆಂಟರ ಮನೆಯ ಹಾಗೆ ಕಾಣುತ್ತದೆ. ಒಳಗಿನ ಕಂಬದ ಬುಡದಲ್ಲಿ ಆನೆಯೊಂದು ಕುದುರೆಯನ್ನು ತುಳಿಯುತ್ತಿದೆ. ಬಾಗಿ ನೋಡಬೇಕು, ಇಲ್ಲದಿದ್ದರೆ ತಪ್ಪಿಹೋಗುತ್ತದೆ. ಅವ್ವ ಬಾಗಲಾರದೆ ನನ್ನ ಫೋನಿನಲ್ಲೇ ನೋಡಿದಳು.

ಚೀಲ ಇಡೀ ದಿನ ಕಾರಿನ ಹಿಂದಿನ ಗಾಜಿನ ಹತ್ತಿರವೇ ಇತ್ತು, ಬಿಸಿಲಿಗೆ. ರಾತ್ರಿ ಮನೆಯಲ್ಲಿ ಬಟ್ಟೆ ಬಿಚ್ಚಿದರೆ ಮೇಣದ ಕಾಲು ಮೊಣಕಾಲಿನ ಹತ್ತಿರ ಮೆತ್ತಗಾಗಿ ಅರ್ಧ ಮಡಚಿಕೊಂಡಿತ್ತು. ಅವ್ವ ಅದನ್ನು ದೀಪದ ಬೆಳಕಿಗೆ ಹಿಡಿದು ನೋಡಿದಳು. "ನೋಡೋ, ಇದರ ಮೊಣಕಾಲು ನನ್ನಕಿಂತ ಚಲೋ ಮಡಚತೈತಿ."