ಜನರೇಟರ್ ಬಿಟ್ಟು ಬ್ಯಾಟರಿಗೆ: ಆರನೇ ವಾರ

ಶೆಡ್ಡಿನ ಮೂಲೆಯಲ್ಲಿರುವ ಪೆಟ್ರೋಲ್ ಜನರೇಟರಿನ ದಾರ ಎಳೆಯದೆ ಇವತ್ತಿಗೆ ಹನ್ನೊಂದು ದಿನ. ಹನ್ನೆರಡನೇ ದಿನ ಎಳೆಯಲ್ಲ ಅಂತ ಮಾತು ಕೊಡಲಾರೆ.

ಮೊದಲು ಸಾಮಾನು ಏನೇನು ಅಂತ ಹೇಳಿಬಿಡುತ್ತೇನೆ. 200 ವಾಟಿನ ಎರಡು ಸೋಲಾರ್ ಪ್ಯಾನೆಲ್, ಎಂಪಿಪಿಟಿ ಚಾರ್ಜರ್ (ಪ್ಯಾನೆಲಿನಿಂದ ಆದಷ್ಟು ಹೆಚ್ಚು ವಾಟ್ ಎಳೆದು ಬ್ಯಾಟರಿಗೆ ತುಂಬುವ ಪೆಟ್ಟಿಗೆ), ಒಂದು ಇನ್ವರ್ಟರ್, 100 ಆಂಪಿಯರ್ ಅವರ್‌ನ ನಾಲ್ಕು ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬ್ಯಾಟರಿ ಸೆಲ್. ಒಂದೊಂದು ಸೆಲ್ 3.2 ವೋಲ್ಟ್, ನಾಲ್ಕೂ ಸೇರಿ 12.8. ಲೆಕ್ಕ ಹಾಕಿದರೆ 1.28 ಯೂನಿಟ್ ಮಾತ್ರ. ಒಂದು ಲೀಟರ್ ಪೆಟ್ರೋಲಿನಲ್ಲಿ ಹೆಚ್ಚುಕಡಿಮೆ 9 ಯೂನಿಟ್ ಶಕ್ತಿ ಇರುತ್ತದೆ, ಅದರ ಮುಂದೆ ಎಂಟು ಕೆಜಿ ತೂಗುವ ನನ್ನ ಸೆಲ್‌ಗಳು ಏನೂ ಅಲ್ಲ ಅಂತ ಮೊದಲು ಬೇಜಾರಾಗಿತ್ತು. ಆದರೆ ಸಣ್ಣ ಜನರೇಟರ್ ಅದರಲ್ಲಿ ಐದನೇ ಒಂದು ಪಾಲನ್ನು ಕರೆಂಟ್ ಮಾಡಿದರೆ ದೊಡ್ಡದು, ಉಳಿದದ್ದು ಶಾಖ, ಸದ್ದು, ಹೊಗೆ. ಬರೀ ಒಂದು ಬಲ್ಬಿಗೋಸ್ಕರ ಓಡಿಸಿದರೆ ಇನ್ನೂ ಕಡಿಮೆ. ಅದನ್ನೇ ಎಷ್ಟೋ ಸಂಜೆ ಮಾಡಿದ್ದೇನೆ, ನಾಚಿಕೆ ಆಗುತ್ತದೆ.

ಸೆಲ್ ಜೋಡಿಸಿದ ದಿನವೇ ಎಡವಟ್ಟು. ಚಾರ್ಜ್ ಶುರುವಾಗಿ ಸ್ವಲ್ಪ ಹೊತ್ತಿಗೆ ಬಿಎಂಎಸ್ (ಸೆಲ್‌ಗಳನ್ನು ಕಾಯುವ ಸರ್ಕ್ಯೂಟ್) ಟಪ್ ಅಂತ ಬಂದ್ ಮಾಡಿತು. ನೋಡಿದರೆ ಮೂರು ಸೆಲ್ 3.35ರಲ್ಲಿ ಆರಾಮಾಗಿ ಕೂತಿವೆ, ನಾಲ್ಕನೆಯದು ಮಾತ್ರ ತುಂಬಿದ ಮಿತಿಯಾದ 3.65 ವೋಲ್ಟ್ ಮುಟ್ಟಿದೆ. ಹೊಸ ಸೆಲ್ ಎಲ್ಲವೂ ಒಂದೇ ಮಟ್ಟದಲ್ಲಿ ಬರುತ್ತವೆ ಅಂತ ನಂಬಿದ್ದು ನನ್ನದೇ ತಪ್ಪು. ಎಲ್ಲವನ್ನೂ ಬಿಚ್ಚಿ, ಒಂದೇ ಮಟ್ಟಕ್ಕೆ ಬರಲಿ ಅಂತ ಪ್ಯಾರಲಲ್ ಆಗಿ (ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್) ಕಟ್ಟಿ, 10 ಆಂಪಿಯರ್ ಸಪ್ಲೈ ಹಾಕಿ ಇಡೀ ಒಂದು ದಿನ ಕಾದೆ. ಈ ಜಾತಿಯ ಸೆಲ್ಲಿನ ಗುಣವೇ ಹಾಗೆ: ಚಾರ್ಜ್ 20ರಿಂದ 80 ಶೇಕಡಾಕ್ಕೆ ಹೋದರೂ ವೋಲ್ಟೇಜ್ ಅಲುಗಾಡುವುದೇ ಇಲ್ಲ. ವೋಲ್ಟ್‌ಮೀಟರ್ ನೋಡಿ ಎಷ್ಟು ಉಳಿದಿದೆ ಅಂತ ಹೇಳೋಕೆ ಆಗಲ್ಲ. ಹಾಗಾಗಿ ಷಂಟ್ (ಹರಿಯುವ ಕರೆಂಟ್ ಅಳೆಯುವ ಸಾಧನ) ಹಾಕಿ, ಒಳಗೆ ಹೋದ ಆಂಪಿಯರು, ಹೊರಗೆ ಬಂದ ಆಂಪಿಯರು ಎಣಿಸುತ್ತಿದ್ದೇನೆ.

ಆ ಷಂಟು ನನ್ನ ಮಾನ ಕಳೆಯಿತು. ಬೆಳಿಗ್ಗೆ ಎದ್ದು ನೋಡಿದರೆ ಏನನ್ನೂ ಓಡಿಸದೆ ಬ್ಯಾಟರಿ ಇಳಿದಿತ್ತು. ಕಳ್ಳ ಯಾರು ಅಂದರೆ ಇನ್ವರ್ಟರ್. ಸುಮ್ನೆ ಆನ್ ಇದ್ದರೆ 12 ವಾಟ್ ಕುಡಿಯುತ್ತದೆ, 24 ಗಂಟೆಗೆ 288 ವಾಟ್ ಅವರ್, ಅಂದರೆ ಬ್ಯಾಟರಿಯ ಕಾಲು ಭಾಗದ ಹತ್ತಿರ! ಈಗ ಬಲ್ಬನ್ನು ನೇರವಾಗಿ 12 ವೋಲ್ಟಿಗೆ ಕೊಟ್ಟಿದ್ದೇನೆ, ಇನ್ವರ್ಟರಿಗೆ ಬೇರೆ ಸ್ವಿಚ್.

ಮುಂದಿನದು ಗ್ರೈಂಡರ್. 700 ವಾಟಿನದು, ಸ್ವಿಚ್ ಒತ್ತಿದ ಕೂಡಲೇ ಇನ್ವರ್ಟರ್ ಕಿರುಚಿಕೊಂಡು ನಿಂತುಹೋಯಿತು. ಬ್ಯಾಟರಿಯೇ ಕೆಟ್ಟದ್ದು ಅಂದುಕೊಂಡು ಎರಡು ಸಂಜೆ ಹಾಳು ಮಾಡಿದೆ, ಕೊನೆಗೆ ಸಿಕ್ಕಿಬಿದ್ದದ್ದು ವೈರು. 12 ವೋಲ್ಟಿನಲ್ಲಿ ಅಷ್ಟು ವಾಟ್ ಬೇಕೆಂದರೆ 60 ಆಂಪಿಯರ್ ಹರಿಯಬೇಕು, ನಾನು ಹಾಕಿದ್ದು 4 ಚದರ ಮಿಲಿಮೀಟರಿನ ತಂತಿ, ಹೋಗಿ ಬರುವುದು ಸೇರಿ ನಾಲ್ಕು ಮೀಟರ್. ಒಂದು ವೋಲ್ಟಿಗಿಂತ ಜಾಸ್ತಿ ವೈರಿನಲ್ಲೇ ಹೋಗುತ್ತಿತ್ತು, ಮುಟ್ಟಿದರೆ ಬಿಸಿ. ಮೋಟಾರ್ ಸ್ಟಾರ್ಟ್ ಆಗುವಾಗ ಇದರ ಹಲವು ಪಟ್ಟು. 25ರ ತಂತಿ ಹಾಕಿದ ಮೇಲೆ 0.2 ವೋಲ್ಟಿಗೂ ಕಡಿಮೆ ಬೀಳುತ್ತದೆ, ಬ್ಯಾಟರಿ ಪಕ್ಕದಲ್ಲೇ ಫ್ಯೂಸ್ ಕೂಡ ಕೂಡಿಸಿದೆ. ಮತ್ತೆ ಶುರುವಿನಿಂದ ಮಾಡುವುದಾದರೆ 24 ವೋಲ್ಟಿಗೇ ಹೋಗುತ್ತೇನೆ. ಆಂಪಿಯರ್ ಅರ್ಧ, ವೈರಿನ ನಷ್ಟ ಕಾಲು.

ಪ್ಯಾನೆಲ್ ಬಗ್ಗೆ: 400 ವಾಟ್ ಒಂದು ದಿನವೂ ಬಂದಿಲ್ಲ, ಬರುವುದೂ ಇಲ್ಲ. ಆ ಲೆಕ್ಕ 25 ಡಿಗ್ರಿಯದು, ಬಿಸಿಲಲ್ಲಿ ಪ್ಯಾನೆಲ್ 60 ದಾಟುತ್ತದೆ. 300 ಬಂದರೆ ನನಗೆ ಖುಷಿ. ಆದರೆ ಮಧ್ಯಾಹ್ನ ಮೂರರ ಹೊತ್ತಿಗೆ ಅದು ಏಕಾಏಕಿ 200ಕ್ಕೆ ಇಳಿಯುತ್ತಿತ್ತು. ಮೋಡ ಇಲ್ಲ, ಏನಿಲ್ಲ. ಮೇಲೆ ಹತ್ತಿ ನೋಡಿದರೆ ಗಾಳಿಕೊಳವೆಯ ನೆರಳು, ನನ್ನ ತೋಳಿನಷ್ಟು ದಪ್ಪ ಅಷ್ಟೇ, ಎರಡೂ ಪ್ಯಾನೆಲ್ ಮೇಲೆ ಬಿದ್ದಿತ್ತು. ಪ್ಯಾನೆಲ್ ಒಳಗೆ ಮೂರು ಬೈಪಾಸ್ ಡಯೋಡ್ (ನೆರಳಾದ ಸಾಲನ್ನು ಬಿಟ್ಟು ಕರೆಂಟ್ ಹರಿಸುವ ಬಿಡಿಭಾಗ) ಇರುತ್ತವೆ, ಒಂದು ಸೆಲ್ಲಿಗೆ ನೆರಳಾದರೂ ಅದರ ಸಾಲೇ ಪಕ್ಕಕ್ಕೆ ಸರಿಯುತ್ತದೆ, ಅಂದರೆ ಮೂರನೇ ಒಂದು ಭಾಗ ಢಮಾರ್.

ಹೋದ ವಾರ ಮೂರು ದಿನ ಮೋಡ ಮುಚ್ಚಿದಾಗ 50 ವಾಟ್ ಕೂಡ ಕಷ್ಟವಾಯಿತು, ಗ್ರೈಂಡರ್ ಮುಟ್ಟಲೇ ಇಲ್ಲ. ಹಾಗಾಗಿ ಜನರೇಟರ್ ಮೂಲೆಯಲ್ಲೇ ಇರಲಿ. ಕಾರ್ಬುರೇಟರಿನಲ್ಲಿ ಪೆಟ್ರೋಲ್ ಹಳಸದಂತೆ ಖಾಲಿ ಮಾಡಿಟ್ಟಿದ್ದೇನೆ. ಈ ವಾರಾಂತ್ಯ ಪ್ಯಾನೆಲ್‌ಗಳನ್ನು ಒಂದೂವರೆ ಮೀಟರ್ ಪಕ್ಕಕ್ಕೆ ಸರಿಸಬೇಕು, ಬೋಲ್ಟುಗಳು ತುಕ್ಕು ಹಿಡಿಯದೆ ಇದ್ದರೆ ಸಾಕು.